ಕನಸು ಬಿದ್ದದ್ದು ಯಾವ ಭಾಷೆಯಲ್ಲಿ?

ಕಾಸರಗೋಡಿನಲ್ಲಿ ಹೊಸಬರು ಸಿಕ್ಕಿದರೆ ಮೊದಲು ಹೆಸರು ಕೇಳುತ್ತಾರೆ, ಆಮೇಲೆ ಊರು. ಮೂರನೆಯ ಪ್ರಶ್ನೆ, "ಮನೆಯಲ್ಲಿ ಎಂತ ಮಾತಾಡುವುದು?" ಕೇಳಲಿಕ್ಕೆ ಪಾಪದ ಪ್ರಶ್ನೆ. ಆದರೆ ಇಲ್ಲಿಯವರಿಗೆ ಗೊತ್ತು, ಇದು ಮರ್ಯಾದೆಯಿಂದ ಜಾತಿ ಕೇಳುವ ದಾರಿ. ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಹವ್ಯಕ, ಮರಾಠಿ ಅಂತ ಉತ್ತರ ಬಂದ ಕೂಡಲೇ ಎದುರಿನವರ ಅರ್ಧ ಜಾತಕ ಬಿಚ್ಚಿಕೊಳ್ಳುತ್ತದೆ.

ಹನ್ನೆರಡು ವರ್ಷದ ಹಿಂದೆ ಪೇಟೆಯಲ್ಲಿ ಒಂದು ಕೋಣೆ ಹಿಡಿದು ಸೈಕೋಥೆರಪಿ ಶುರು ಮಾಡಿದಾಗ, ಮೊದಲ ದಿನದ ಫಾರ್ಮಿನಲ್ಲಿ ನಾನೂ 'ಮನೆಮಾತು' ಎಂದು ಒಂದು ಕಾಲಂ ಇಟ್ಟಿದ್ದೆ. ಮುಕ್ಕಾಲು ಮಂದಿ 'ಕನ್ನಡ' ಎಂದು ಬರೆದು ಮುಗಿಸುತ್ತಿದ್ದರು. ಒಬ್ಬರಂತೂ ಪೆನ್ನು ಕೆಳಗಿಟ್ಟು, "ಇದು ಯಾಕೆ ಬೇಕು?" ಎಂದು ಕೇಳಿಯೇಬಿಟ್ಟರು. ಆರು ತಿಂಗಳಲ್ಲಿ ಆ ಕಾಲಂ ತೆಗೆದೆ. ಅದರ ಬದಲು ಈಗ ಕಿವಿ ಕೊಟ್ಟು ಕೂರುತ್ತೇನೆ. ಮಾತಿನ ನಡುವೆ ಭಾಷೆ ಎಲ್ಲಿ ತಿರುಗಿತು, ಯಾವ ಶಬ್ದಕ್ಕೆ ತಿರುಗಿತು ಅಂತ ನೋಡುತ್ತಾ ಇರುತ್ತೇನೆ. ಇಷ್ಟು ವರ್ಷದಲ್ಲಿ ನಾನು ನಿಜವಾಗಿ ಕಲಿತ ಕೆಲಸ ಇದೊಂದೇ ಇರಬೇಕು.

ನಾನು ಪೂರ್ತಿ ಸೈಕೋಅನಲಿಸ್ಟ್ ಅಲ್ಲ. ಕ್ಲಿನಿಕಲ್ ಸೈಕಾಲಜಿ ಓದಿದವಳು, ಮನೋವಿಶ್ಲೇಷಣೆಯ (ಸೈಕೋಅನಾಲಿಸಿಸ್) ದಾರಿಯಲ್ಲಿ, ಅಂದರೆ ಮನಸ್ಸಿಗೆ ಬಂದದ್ದನ್ನೆಲ್ಲ ಹೇಳಿಸಿ ಒಳಗೆ ಅಡಗಿದ್ದನ್ನು ಹುಡುಕುವ ದಾರಿಯಲ್ಲಿ, ಥೆರಪಿ ಮಾಡುವವಳು. ಅನಲಿಸ್ಟ್ ಆಗಬೇಕಾದರೆ ಸ್ವಂತ ಅನಾಲಿಸಿಸ್ (ತಾನೇ ಇನ್ನೊಬ್ಬರ ಹತ್ತಿರ ಮಾಡಿಸಿಕೊಳ್ಳುವುದು), ಹಿರಿಯರ ಮೇಲ್ವಿಚಾರಣೆ, ಪಾಠ ಮೂರೂ ಬೇಕು. 1920ರ ದಶಕದಲ್ಲಿ ಬರ್ಲಿನ್‌ನಲ್ಲಿ ಕಟ್ಟಿದ ಆ ಕ್ರಮ ಇವತ್ತಿಗೂ ಹೆಚ್ಚುಕಡಿಮೆ ಹಾಗೆಯೇ ಉಂಟು. ಕಲ್ಕತ್ತೆಯಲ್ಲಿ 1922ರಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದ ಗಿರೀಂದ್ರಶೇಖರ ಬೋಸ್ ಪುಸ್ತಕ ಓದಿ, ತಾವೇ ಕಲಿತು, ಈ ವಿದ್ಯೆ ಕಟ್ಟಿದ ವಿಯೆನ್ನಾದ ಫ್ರಾಯ್ಡ್‌ಗೆ ಕಾಗದ ಬರೆದು ದಾರಿ ಮಾಡಿಕೊಂಡವರು. ನಮಗೆ ಆ ರಿಯಾಯಿತಿ ಇಲ್ಲ. ಸ್ವಂತ ಥೆರಪಿಗೆ ನಾನು ಆರು ವರ್ಷ ಕೂತೆ. ವಾರಕ್ಕೆ ಮೂರು ದಿನ, ದೂರದ ಊರಿನ ಒಬ್ಬ ಹಿರಿಯರ ಜೊತೆ, ಫೋನಿನಲ್ಲಿ, ಇಂಗ್ಲಿಷಿನಲ್ಲಿ.

ಎರಡು ವರ್ಷ ಇಂಗ್ಲಿಷಿನಲ್ಲಿ ಅಮ್ಮನ ಬಗ್ಗೆ ಎಷ್ಟು ಚೆಂದ ಮಾತಾಡಿದೆ ಅಂದರೆ, ಪರೀಕ್ಷೆಯಲ್ಲಿ ಬರೆದಿದ್ದರೆ ಒಳ್ಳೆ ಮಾರ್ಕು ಬರುತ್ತಿತ್ತು. ಅಳು ಒಂದು ದಿನವೂ ಬರಲಿಲ್ಲ. ಒಮ್ಮೆ ತಮ್ಮ ಹುಟ್ಟಿದ ಕಾಲದ ವಿಷಯ ಬಂತು. ನನಗೆ ಆಗ ನಾಲ್ಕು ವರ್ಷ. ಅಲ್ಲಿಯವರೆಗೆ ಮನೆಯಲ್ಲಿ ನನ್ನನ್ನು "ಬಾಲೆ" ಅಂತಿದ್ದರು. ಕನ್ನಡದಲ್ಲಿ ಬಾಲೆ ಎಂದರೆ ಹುಡುಗಿ. ನಮ್ಮ ತುಳುವಿನಲ್ಲಿ ಹಾಗಲ್ಲ, ಗಂಡಾಗಲಿ ಹೆಣ್ಣಾಗಲಿ ಮಗುವಿಗೆ ಬಾಲೆ ಎಂದೇ ಹೇಳುವುದು. ತಮ್ಮ ಬಂದ ಮೇಲೆ ಅವನು ಬಾಲೆ ಆದ. ನಾನು ಅಕ್ಕ ಆದೆ. ಇದನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟೆ. 'ಬೇಬಿ' ಅಂದರೆ ಸರಿಯಾಗಲಿಲ್ಲ. ಇನ್ನೊಂದು ಶಬ್ದ ಹುಡುಕಿದೆ, ಅದೂ ಆಗಲಿಲ್ಲ. ಮಾತು ನಿಂತಿತು. ಆ ಕಡೆಯಿಂದ ಅವರು, "ನಿಮ್ಮ ಭಾಷೆಯಲ್ಲೇ ಹೇಳಿ, ನನಗೆ ಅರ್ಥ ಆಗದಿದ್ದರೂ ಪರವಾಗಿಲ್ಲ" ಎಂದರು. "ಬಾಲೆ" ಎಂದೆ. ಅಷ್ಟೇ. ಉಳಿದ ಇಪ್ಪತ್ತು ನಿಮಿಷ ಅತ್ತೆ.

ಈ ವಿದ್ಯೆ ಶುರುವಾದದ್ದೂ ಇಂಥದ್ದೇ ಒಂದು ಭಾಷೆಯ ಗೊಂದಲದಲ್ಲಿ. ವಿಯೆನ್ನಾದ ವೈದ್ಯ ಯೋಸೆಫ್ ಬ್ರಾಯರ್ 1880ರಿಂದ 1882ರವರೆಗೆ ಬೆರ್ತಾ ಪಾಪೆನ್‌ಹೈಮ್ ಎಂಬ ಹುಡುಗಿಗೆ ಚಿಕಿತ್ಸೆ ಮಾಡಿದರು. ಪುಸ್ತಕದಲ್ಲಿ ಆಕೆಯ ಹೆಸರು ಅನ್ನಾ ಓ. ಅಪ್ಪನ ಆರೈಕೆ ಮಾಡುತ್ತಲೇ ಕಾಯಿಲೆ ಬಿದ್ದವಳು. ಕಾಯಿಲೆಯ ನಡುವೆ ಅವಳ ಬಾಯಿಂದ ತಾಯ್ನುಡಿ ಜರ್ಮನ್ ಹೊರಟೇಹೋಯಿತು, ಇಂಗ್ಲಿಷ್ ಮಾತ್ರ ಉಳಿಯಿತು. ಹಾಗಾಗಿ ವಿಯೆನ್ನಾದಲ್ಲಿ ಹುಟ್ಟಿದ ಈ ಚಿಕಿತ್ಸೆಗೆ 'ಟಾಕಿಂಗ್ ಕ್ಯೂರ್' (ಮಾತಿನ ಚಿಕಿತ್ಸೆ) ಎಂಬ ಇಂಗ್ಲಿಷ್ ಹೆಸರು ಬಂತು. ಇಟ್ಟದ್ದು ಬ್ರಾಯರ್ ಅಲ್ಲ, ರೋಗಿಯೇ. ಬ್ರಾಯರ್ ಮತ್ತು ಫ್ರಾಯ್ಡ್ ಸೇರಿ 1895ರಲ್ಲಿ ಈ ಕೇಸಿರುವ ಆ ಪುಸ್ತಕ ಅಚ್ಚು ಹಾಕಿಸಿದರು. ಓದುವಾಗ ನಾನು ಇದನ್ನು ಒಂದು ಸ್ವಾರಸ್ಯ ಎಂದು ದಾಟಿ ಹೋಗಿದ್ದೆ. ಕಾಸರಗೋಡಿಗೆ ಬಂದ ಮೇಲೆ ಬೆಲೆ ಗೊತ್ತಾಯಿತು.

ಇನ್ನು ಬರುವ ಇಬ್ಬರ ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಇಬ್ಬರೂ ಬರೆಯಲು ಒಪ್ಪಿದ್ದಾರೆ.

ಮೊದಲನೆಯವರು ಸರಕಾರಿ ಆಫೀಸಿನ ಗುಮಾಸ್ತರು. ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ಪೂರ್ತಿ ಮಲಯಾಳ. ಒಂದು ಫೈಲಿಗೆ ಸಹಿ ಹಾಕಬೇಕಾದರೆ ನಾಲ್ಕು ಸಲ ಓದಬೇಕು, ಕಳಿಸಿದ ಮೇಲೆ ವಾಪಸ್ ತರಿಸಿ ಮತ್ತೆ ಓದಬೇಕು. ಕೆಲಸ ರಾಶಿ ಬೀಳುತ್ತಿತ್ತು. ಮಾತ್ರೆ ಕೊಡುತ್ತಿದ್ದ ಮನೋವೈದ್ಯರೇ ನನ್ನಲ್ಲಿಗೆ ಕಳಿಸಿದ್ದು. ಇವರಿಗೆ ತಿಂಗಳಿಗೆ ಎರಡು ಮೂರು ಸಲ ಒಂದೇ ಕನಸು. ಆಫೀಸಿನ ಮೇಜಿನ ಪಕ್ಕ ಒಂದು ಹಾವು ಹೆಡೆ ಎತ್ತಿ ನಿಂತಿರುತ್ತದೆ. ಕಚ್ಚುವುದಿಲ್ಲ, ಫೈಲನ್ನೇ ನೋಡುತ್ತಿರುತ್ತದೆ.

ತುಳುನಾಡಿನಲ್ಲಿ ಹಾವಿನ ಕನಸು ಬಿದ್ದರೆ ಮನೆಯವರು ಸುಮ್ನೆ ಕೂರುತ್ತಾರಾ? ಜೋಯಿಸರಲ್ಲಿ ಪ್ರಶ್ನೆ ಇಟ್ಟಾಗಿತ್ತು, ನಾಗನಿಗೆ ನಾಗತಂಬಿಲದ ಪೂಜೆ ಆಗಿತ್ತು, ಆಶ್ಲೇಷಾ ಬಲಿಯೂ ಆಗಿತ್ತು. ನಾನು ಆಗ ಈ ಕೆಲಸಕ್ಕಿಳಿದು ಎರಡನೇ ವರ್ಷ. ತಲೆ ತುಂಬ ಪುಸ್ತಕ. ಹಾವು ಎಂದ ಕೂಡಲೇ ಫ್ರಾಯ್ಡ್‌ನ ಸಂಕೇತಗಳ ಪಟ್ಟಿ ಕಣ್ಣೆದುರು ಬಂತು. ಗಂಡಸುತನ, ಪೈಪೋಟಿ, ಅಧಿಕಾರ ಅಂತ ಏನೋ ಒಂದು ಅರ್ಥ ಹೇಳಿದೆ. ಅವರು "ಇರಬಹುದು ಮೇಡಂ" ಎಂದು ಎದ್ದು ಹೋದರು. ಎರಡು ವಾರ ಬರಲಿಲ್ಲ.

ಮಂಗಳೂರಿನಲ್ಲಿ ನನ್ನ ಕೆಲಸ ನೋಡುವ ಹಿರಿಯರೊಬ್ಬರಿದ್ದರು. ವಾರಕ್ಕೊಮ್ಮೆ ರೈಲು ಹಿಡಿದು ಹೋಗಿ ಕೇಸು ಒಪ್ಪಿಸುತ್ತಿದ್ದೆ. ಅವರು ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದರು. "ಆ ಕನಸು ಕಂಡದ್ದು ಅವರಾ, ನೀವಾ?" ನಾಚಿಕೆಯಾಯಿತು. ಫ್ರಾಯ್ಡ್‌ನ ಕನಸಿನ ಪುಸ್ತಕದ ಮೂಲ ಮಾತೇ ಅದಲ್ವಾ? 1899ರ ನವೆಂಬರಿನಲ್ಲಿ ಹೊರಬಂದ, ಮುಖಪುಟದಲ್ಲಿ 1900 ಎಂದು ಹಾಕಿದ ಆ ಪುಸ್ತಕದಲ್ಲಿ ಆತ ಹೇಳುವುದು ಇಷ್ಟು. ಕನಸನ್ನು ತುಂಡು ತುಂಡು ಮಾಡಿ, ಒಂದೊಂದು ತುಂಡಿಗೂ ಕನಸು ಕಂಡವರಿಗೆ ಏನು ನೆನಪಾಗುತ್ತದೆ ಎಂದು ಕೇಳಿ. ಸಂಕೇತಗಳ ಪಟ್ಟಿ ದಪ್ಪವಾದದ್ದು ಆಮೇಲಿನ ಆವೃತ್ತಿಗಳಲ್ಲಿ. ನನ್ನಂಥ ಹೊಸಬರು ಹಿಡಿದುಕೊಳ್ಳುವುದು ಆ ಪಟ್ಟಿಯನ್ನೇ.

ಅವರು ವಾಪಸ್ ಬಂದದ್ದು ನನ್ನ ಪುಣ್ಯ. ಕೆಲವು ವಾರದ ಮೇಲೆ ಅದೇ ಕನಸು ಹೇಳಿದರು. ಈ ಸಲ ನಾನು, "ಕನಸಿನಲ್ಲಿ ಯಾರಾದರೂ ಮಾತಾಡಿದರಾ?" ಎಂದು ಕೇಳಿದೆ.

"ಪಿಯೋನ್ ಬೊಬ್ಬೆ ಹಾಕಿದ."

"ಏನಂತ?"

"ಮಲಯಾಳದಲ್ಲಿ. ಮೂರ್ಖನ್, ಮೂರ್ಖನ್ ಅಂತ."

ಮಲಯಾಳದಲ್ಲಿ ನಾಗರಹಾವಿಗೆ ಮೂರ್ಖನ್ ಎನ್ನುತ್ತಾರೆ. ಇಲ್ಲಿಯ ಮಕ್ಕಳಿಗೂ ಗೊತ್ತಿರುವ ಶಬ್ದ. ನಾನು ಅರ್ಥ ಹೇಳಲು ಹೋಗಲಿಲ್ಲ, "ಮೂರ್ಖನ್" ಎಂದು ಅವರ ಶಬ್ದವನ್ನೇ ವಾಪಸ್ ಕೊಟ್ಟೆ. ಅವರು ಫ್ಯಾನ್ ನೋಡುತ್ತಾ ಇದ್ದರು. ಕೆಳಗಿನ ಟೈಲರ್ ಅಂಗಡಿಯ ಮೆಷಿನ್ ಶಬ್ದ ಕೇಳುತ್ತಿತ್ತು. ಆಮೇಲೆ ಒಮ್ಮೆಲೆ ನಕ್ಕರು. ನಗು ಅರ್ಧಕ್ಕೆ ನಿಂತಿತು. "ಅಪ್ಪ ಕರೆಯುತ್ತಿದ್ದದ್ದು ಅದೇ ಅಲ್ವಾ ಮೇಡಂ. ಮೂರ್ಖ."

ಅಪ್ಪ ಕನ್ನಡ ಶಾಲೆಯ ಮೇಷ್ಟ್ರು. ಮಗ ಲೆಕ್ಕ ಮಾಡುವಾಗ ಬೆನ್ನ ಹಿಂದೆ ಬಗ್ಗಿ ಸ್ಲೇಟು ನೋಡುತ್ತಾ ನಿಲ್ಲುತ್ತಿದ್ದರು. ಹೊಡೆಯುತ್ತಿರಲಿಲ್ಲ. ಒಂದು ಮಗ್ಗಿ ತಪ್ಪಿದರೆ "ಮೂರ್ಖ" ಎಂದು ಮೆಲ್ಲಗೆ ಹೇಳುತ್ತಿದ್ದರು. ಕಚ್ಚದೆ ಸುಮ್ನೆ ಫೈಲು ನೋಡುವ ಹಾವು ಯಾರೆಂದು ಮತ್ತೆ ನಾನು ಹೇಳುವ ಅಗತ್ಯವೇ ಬರಲಿಲ್ಲ.

ಆ ರಾತ್ರಿ ಫ್ರಾಯ್ಡ್ ಬರೆದ 1909ರ 'ಇಲಿ ಮನುಷ್ಯ'ನ ಕೇಸನ್ನು ಮತ್ತೆ ಓದಿದೆ. ಇಲಿಗಳ ಯೋಚನೆಯೇ ಪೀಡೆಯಾಗಿದ್ದ ಯುವಕ. ಜರ್ಮನ್‌ನಲ್ಲಿ ರಾಟ್ಟೆನ್ ಎಂದರೆ ಇಲಿಗಳು, ರಾಟೆನ್ ಎಂದರೆ ಸಾಲದ ಕಂತುಗಳು, ಹೈರಾಟೆನ್ ಎಂದರೆ ಮದುವೆಯಾಗುವುದು. ಅಪ್ಪನ ಜೂಜಿನ ಸಾಲ, ತನ್ನ ಮದುವೆಯ ಗೊಂದಲ, ಎಲ್ಲವೂ ಒಂದೇ ಸದ್ದಿಗೆ ಬಂದು ಅಂಟಿಕೊಂಡಿದ್ದವು. ಮೊದಲು ಓದಿದಾಗ, ಇದು ಜರ್ಮನ್ ಗೊತ್ತಿದ್ದವರ ಶಬ್ದದಾಟ ಎಂದು ಅಂದುಕೊಂಡಿದ್ದೆ. ಆ ಕೇಸಿನಲ್ಲಿ ಫ್ರಾಯ್ಡ್ ಕೈಯಲ್ಲಿದ್ದದ್ದು ಒಂದು ಭಾಷೆ. ನಮ್ಮೂರಿನ ಸುಪ್ತ ಮನಸ್ಸಿಗೆ ಅಡಗಿ ಕೂರಲು ನಾಲ್ಕೈದು ಭಾಷೆ ಉಂಟು.

ಗುಮಾಸ್ತರಿಗೆ ಆ ದಿನವೇ ಗುಣವಾಯಿತು ಎಂದರೆ ಸುಳ್ಳು. ಮುಂದೆ ಒಂದೂವರೆ ವರ್ಷ ಬಂದರು. ಆ ನಡುವೆ ಅಪ್ಪನ ಮೇಲಿದ್ದ ಸಿಟ್ಟನ್ನು ನನ್ನ ಮೇಲೂ ತೀರಿಸಿಕೊಂಡರು. ನಾಲ್ಕು ಸಲ ಓದುತ್ತಿದ್ದವರು ಕೊನೆಗೆ ಎರಡು ಸಲಕ್ಕೆ ಇಳಿದರು. ಎರಡು ಸಲ ಓದುವುದು ಒಳ್ಳೆ ಗುಮಾಸ್ತನ ಲಕ್ಷಣ, ಅದನ್ನು ಬಿಡಿಸಬೇಡಿ ಎಂದು ಅವರೇ ಹೇಳಿದರು. ವರ್ಷಕ್ಕೊಮ್ಮೆ ನಾಗತಂಬಿಲ ಈಗಲೂ ಮಾಡಿಸುತ್ತಾರೆ. ಅದಕ್ಕೂ ನನಗೂ ಜಗಳ ಇಲ್ಲ.

ಎಲ್ಲರಿಗೂ ಈ ದಾರಿ ಆಗುವುದಿಲ್ಲ. ಸಾಯುವ ಯೋಚನೆ ಬಲವಾಗಿದ್ದವರನ್ನು, ಕಿವಿಯಲ್ಲಿ ದನಿ ಕೇಳುವವರನ್ನು ಮೊದಲು ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಕೆಲವರಿಗೆ ಹತ್ತು ವಾರದ ಬೇರೆ ಥೆರಪಿ ಸಾಕು.

ಫೀಸಿನದ್ದು ದೊಡ್ಡ ರಾಮಾಯಣ. 1913ರ ಒಂದು ಲೇಖನದಲ್ಲಿ ಫ್ರಾಯ್ಡ್ ಹೇಳುತ್ತಾನೆ: ನಿಮ್ಮ ಗಂಟೆ ನಿಮ್ಮದು, ಬಂದರೂ ಬಾರದಿದ್ದರೂ ಅದರ ದುಡ್ಡು ಕೊಡಬೇಕು. ಆ ಮಹಾನುಭಾವ ಕೇರಳದ ಹರತಾಳ ನೋಡಿರಲಿಲ್ಲ. ಬಸ್ಸಿಲ್ಲ, ಅಂಗಡಿ ಇಲ್ಲ, ನಾನೇ ಕೋಣೆಗೆ ಬರಲಿಕ್ಕಾಗದ ದಿನಕ್ಕೆ ಯಾವ ಫೀಸು? ಈಗ ನನ್ನ ನಿಯಮ ಹೀಗೆ: ಹರತಾಳಕ್ಕೆ ಮಾಫಿ, ಗೃಹಪ್ರವೇಶಕ್ಕೆ ಇಲ್ಲ. ಅದೇ ಲೇಖನದ ಇನ್ನೊಂದು ಮಾತು ಮಾತ್ರ ನನಗೆ ದಿನಾ ಬೇಕಾಗುತ್ತದೆ. ರೈಲಿನ ಕಿಟಕಿ ಪಕ್ಕ ಕೂತವರು ಒಳಗಿನವರಿಗೆ ಹೊರಗೆ ಕಂಡದ್ದನ್ನು ಹೇಳುವ ಹಾಗೆ, ಮನಸ್ಸಿಗೆ ಬಂದದ್ದನ್ನು ಹೇಳುತ್ತಾ ಹೋಗಿ ಎನ್ನುತ್ತಾನೆ. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಪ್ಪಳ ದಾಟಿತು, ಶಿರಿಯ ಹೊಳೆ ಬಂತು, ಕುಂಬಳೆ ಬಂತು ಅಂತ ಎಲ್ಲರೂ ಹೇಳಿದವರೇ.

ಎರಡನೆಯವರು ಪೆರ್ಲ ಕಡೆಯ ಅಡಿಕೆ ಕೃಷಿಕರು, ಎಪ್ಪತ್ತರ ಹತ್ತಿರ. 2019ರ ಕೊನೆಗೆ ಮಗ ಕರೆದುಕೊಂಡು ಬಂದ. ಹೆಂಡತಿ ತೀರಿ ಒಂದು ವರ್ಷ. ತಲೆನೋವು. ಸ್ಕ್ಯಾನ್, ರಕ್ತ ಪರೀಕ್ಷೆ, ಏನೂ ಸಿಕ್ಕಿರಲಿಲ್ಲ. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಫ್ರಾಯ್ಡ್ ರೋಗಿಗಳನ್ನು ಮಲಗಿಸುತ್ತಿದ್ದಂಥ ಮಂಚ ನನ್ನ ಕೋಣೆಯಲ್ಲಿ ಇಲ್ಲ, ಅಜ್ಜನ ಕಾಲದ ಕ್ಯಾನ್ವಾಸಿನ ಈಸಿ ಚೇರ್ ಉಂಟು. ಅದನ್ನು ಕಂಡು ಅವರಿಗೆ ಖುಷಿಯಾಯಿತು. ನನ್ನ ಮೌನ ಮಾತ್ರ ಹಿಡಿಸಲಿಲ್ಲ. ಮೂರನೇ ವಾರ ನೇರ ಕೇಳಿದರು. "ಪ್ರಶ್ನೆ ಇಟ್ಟರೆ ಜೋಯಿಸರು ಮಾತಾಡುತ್ತಾರೆ. ಕೋಲಕ್ಕೆ ಹೋದರೆ ದೈವ ನುಡಿ ಕೊಡುತ್ತದೆ. ನೀವು ಫೀಸು ತೆಗೆದುಕೊಂಡು, ನಾನು ಹೇಳಿದ್ದನ್ನೇ ನನಗೆ ಹೇಳುತ್ತೀರಿ. ಇದು ಯಾವ ಊರಿನ ನ್ಯಾಯ ಮಾರಾಯ್ರೆ?" ನನಗೆ ನಗು ಬಂತು. ಅವರಿಗೂ ಬಂತು. ಆದರೂ ನಾನು ನನ್ನ ಕ್ರಮ ಬಿಡಲಿಲ್ಲ, ಕಡಿಮೆಯೇ ಮಾತಾಡಿದೆ.

ತುಳುವಿನಲ್ಲಿ ಗೌರವಕ್ಕೆ 'ಈರ್', ಸಲಿಗೆಗೆ 'ಈ'. ಅವರು ನನಗೆ ಯಾವಾಗಲೂ ಈರ್ ಎನ್ನುತ್ತಿದ್ದರು. ನಾಲ್ಕನೇ ತಿಂಗಳಲ್ಲಿ ಒಂದು ದಿನ, ಇಬ್ಬರೂ ಸುಮ್ಮನಿದ್ದ ಹೊತ್ತಿನಲ್ಲಿ, ದನಿಯೇ ಬದಲಾಗಿ ಹೇಳಿದರು. "ಈ ದಾಯೆ ಪಾತೆರುಜ?" ನೀನ್ಯಾಕೆ ಮಾತಾಡುವುದಿಲ್ಲ? ಕೂಡಲೇ ಗಾಬರಿಯಾಗಿ ಎದ್ದು ಕೂತು, "ತಪ್ಪಾಂಡ್ ಡಾಕ್ಟ್ರೆ" ಎಂದರು. ನಾನು ಡಾಕ್ಟ್ರಲ್ಲ ಎಂದು ಎಷ್ಟು ಸಲ ಹೇಳಿದ್ದೆನೋ.

"ತಪ್ಪೇನಿಲ್ಲ. ಆ ಮಾತು ಬೇರೆ ಯಾರಿಗೋ ಕೇಳಿದ ಹಾಗಿತ್ತು" ಎಂದೆ.

ತುಂಬ ಹೊತ್ತಿನ ಮೇಲೆ ಹೇಳಿದರು. ಪಾರ್ಶ್ವವಾಯು ಆಗಿ ಹೆಂಡತಿಗೆ ಮಾತು ನಿಂತಿತ್ತಂತೆ. ಆರು ತಿಂಗಳು ಹಾಸಿಗೆಯಲ್ಲಿ. ಇವರು ದಿನಾ ಸಂಜೆ ಪಕ್ಕದಲ್ಲಿ ಕೂತು ಅದನ್ನೇ ಕೇಳುತ್ತಿದ್ದರಂತೆ. ಒಂದು ಸಲ ಗದರಿಸಿಯೂ ಬಿಟ್ಟಿದ್ದರು. ಅದನ್ನು ಮಗನಿಗೂ ಹೇಳಿರಲಿಲ್ಲ.

ಇದಕ್ಕೆ ನಮ್ಮ ವಿದ್ಯೆಯಲ್ಲಿ ಟ್ರಾನ್ಸ್‌ಫರೆನ್ಸ್ ಎನ್ನುತ್ತಾರೆ. ಕನ್ನಡದಲ್ಲಿ 'ವರ್ಗಾವಣೆ' ಎಂದು ಬರೆದರೆ ಶಾಲೆ ಮೇಷ್ಟ್ರ ಟ್ರಾನ್ಸ್‌ಫರ್ ಆರ್ಡರ್ ನೆನಪಾಗುತ್ತದೆ. ಯಾರಿಗೋ ಇಟ್ಟುಕೊಂಡ ಮಾತು ಥೆರಪಿಸ್ಟ್ ಮೇಲೆ ಬಂದು ಬೀಳುವುದು, ಅಷ್ಟೇ. ಫ್ರಾಯ್ಡ್ ತನ್ನ ಬರಹದಲ್ಲಿ ಡೋರಾ ಎಂದು ಹೆಸರಿಟ್ಟ ಹುಡುಗಿ 1900ರ ಕೊನೆಯ ದಿನ ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಹೋದಳು. 1905ರಲ್ಲಿ ಆ ಕೇಸು ಅಚ್ಚಾದಾಗ, ಇದನ್ನು ನಾನು ಸಮಯಕ್ಕೆ ಗುರುತಿಸಲಿಲ್ಲ ಎಂದು ಫ್ರಾಯ್ಡ್ ಬರೆದುಕೊಂಡ. ನಾನೂ ನಾಲ್ಕು ತಿಂಗಳು ಗುರುತಿಸಿರಲಿಲ್ಲ. ನನ್ನ ಮೌನ ಕಸುಬಿನ ಶಿಸ್ತು ಎಂದು ನಾನು ಅಂದುಕೊಂಡಿದ್ದೆ. ಅವರ ಪಾಲಿಗೆ ಅದು ಆ ಹಾಸಿಗೆಯ ಪಕ್ಕದ ಮೌನ.

ಮರು ತಿಂಗಳು ಲಾಕ್‌ಡೌನ್. ಕರ್ನಾಟಕಕ್ಕೆ ಹೋಗುವ ತಲಪಾಡಿ ಗಡಿ ಮುಚ್ಚಿತು, ನನ್ನ ಮಂಗಳೂರಿನ ಪ್ರಯಾಣ ನಿಂತಿತು. ವಿಟ್ಲ, ಪುತ್ತೂರು ಕಡೆಯಿಂದ ಬರುವವರೂ ನಿಂತರು. ಎಲ್ಲವೂ ಫೋನಿಗೆ ಬಂತು. ದಿನಕ್ಕೆ ಎಂಟು ಗಂಟೆ ಬೇರೆಯವರು ನನ್ನ ಮುಖ ನೋಡುವುದನ್ನು ತಡೆಯಲಾರೆ ಎಂದು ಫ್ರಾಯ್ಡ್ ಮಂಚದ ಹಿಂದೆ ಕೂತವನು. ಫೋನಿನಲ್ಲಿ ಅದು ಪುಕ್ಕಟೆ ಸಿಕ್ಕಿತು. ಮನೆಯಲ್ಲಿ ಒಬ್ಬರೇ ಕೂತು ಮಾತಾಡಲು ಜಾಗ ಸಿಗುವುದು ಮಾತ್ರ ಕಷ್ಟವಾಯಿತು. ಒಬ್ಬರು ಟೆರೇಸಿನ ನೀರಿನ ಟ್ಯಾಂಕಿನ ಹಿಂದೆ ಕೂರುತ್ತಿದ್ದರು, ಇನ್ನೊಬ್ಬರು ನಿಲ್ಲಿಸಿದ ಕಾರಿನಲ್ಲಿ. ಪೆರ್ಲದವರು ದನದ ಹಟ್ಟಿಯಲ್ಲಿ.

ಮೊದಮೊದಲು ನಾನು ನಾಲ್ಕು ಸೆಕೆಂಡ್ ಸುಮ್ಮನಾದರೆ "ಕೇಣುಂಡಾ?" ಎಂದು ಬೊಬ್ಬೆ ಹಾಕುತ್ತಿದ್ದರು. ಕೇಳಿಸ್ತದಾ ಅಂತ. ನಾನು "ಹೂಂ" ಎನ್ನಲು ಕಲಿತೆ, ಮೊದಲಿಗಿಂತ ಜಾಸ್ತಿ ಮಾತಾಡಲೂ ಕಲಿತೆ. ತಲೆನೋವು ಅಪರೂಪವಾಗುತ್ತಾ ಬಂತು. ಮಳೆ ಹಿಡಿದ ಮೇಲೆ ಒಂದು ದಿನ ಹಟ್ಟಿಯ ಮಾಡಿನ ಮೇಲೆ ಮಳೆ ಬೀಳುವ ಸದ್ದಿನಲ್ಲಿ ಇಬ್ಬರಿಗೂ ಏನೂ ಕೇಳಿಸುತ್ತಿರಲಿಲ್ಲ. ನಾನು ಹೂಂ, ಹೂಂ ಎಂದು ದನಿ ಏರಿಸುತ್ತಲೇ ಇದ್ದೆ. ಮಳೆ ಸ್ವಲ್ಪ ಕಡಿಮೆಯಾದಾಗ ಅವರೇ ಹೇಳಿದರು. "ಈರ್ ಪಾತೆರೊಡುಂದು ಇಜ್ಜಿ. ಈರ್ ಉಲ್ಲರ್ ಪಂಡ್‌ದ್ ಗೊತ್ತುಂಡು." ನೀವು ಮಾತಾಡಲೇಬೇಕು ಅಂತಿಲ್ಲ, ನೀವಿದ್ದೀರಿ ಅಂತ ಗೊತ್ತುಂಟು.

ಆಮೇಲೆ, ಹಾಲು ಕರೆಯುವ ಹೊತ್ತಾಯಿತು ಎಂದು ಐದು ನಿಮಿಷ ಮೊದಲೇ ಫೋನ್ ಇಟ್ಟರು.