ಐಸಿಯು ಡ್ಯೂಟಿಯಲ್ಲಿ ಮನಸ್ಸು ಉಳಿಸಿಕೊಳ್ಳಲು ನಾವು ಮಾಡಿಕೊಂಡ ಏರ್ಪಾಡು

"ಮನಸ್ಸು ಗಟ್ಟಿ ಮಾಡ್ಕೊಳ್ಳಿ ಸಿಸ್ಟರ್." ಐಸಿಯುನಲ್ಲಿ ಕೆಲಸ ಮಾಡುವವರು ಈ ಮಾತು ಕೇಳಿಯೇ ಇರುತ್ತೀರಿ. ನಾನು ಇದನ್ನು ಒಪ್ಪುವುದಿಲ್ಲ. ಹಾಗೆ ಗಟ್ಟಿ ಮಾಡಿಕೊಂಡವರು ನಿಧಾನಕ್ಕೆ ರೋಗಿಯ ಮುಖ ನೋಡುವುದನ್ನೇ ಬಿಡುತ್ತಾರೆ. ಬರೀ ಮಾನಿಟರ್ ನೋಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ವಿವರಿಸಿದಾಗ ವಿಪರೀತ ಸುಸ್ತಿನ ಜೊತೆ ಕೆಲಸದಿಂದ ಮನಸ್ಸು ದೂರವಾಗುವುದನ್ನೂ ಲಕ್ಷಣವೆಂದೇ ಸೇರಿಸಿತು. ಇದು ಕಾಯಿಲೆಯಲ್ಲ, ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿ ಎಂದಿತು. ಕೆಲಸದಲ್ಲಿ ಹುಟ್ಟಿದ್ದಕ್ಕೆ ಮದ್ದೂ ಕೆಲಸದ ಹೊತ್ತಿನಲ್ಲೇ ಸಿಗಬೇಕು, ಅಲ್ವಾ?

ನಾನು ವಾರ್ಡ್ ಇನ್‌ಚಾರ್ಜ್ ಆದ ಮೇಲೆ ಮೊದಲು ತಂದದ್ದು ಸಾವಿನ ನಂತರದ ಒಂದು ನಿಮಿಷ. ಅಮೆರಿಕದ ವರ್ಜೀನಿಯಾದಲ್ಲಿ ಜೊನಾಥನ್ ಬಾರ್ಟೆಲ್ಸ್ ಎಂಬ ನರ್ಸ್ ಶುರು ಮಾಡಿದ ಪದ್ಧತಿ ಅದು. ಡಾಕ್ಟರ್ ಸಾವನ್ನು ಖಚಿತಪಡಿಸಿದ ಮೇಲೆ ಬೆಡ್ ಸುತ್ತ ಇದ್ದವರೆಲ್ಲ ಸುಮ್ನೆ ನಿಲ್ಲುತ್ತೇವೆ. ಡಾಕ್ಟರ್, ನರ್ಸ್, ಆಯಾ ಎಲ್ಲರೂ. ಒಬ್ಬರು ರೋಗಿಯ ಹೆಸರು ಹೇಳುತ್ತಾರೆ, ಅಷ್ಟೇ. ದಿನವಿಡೀ ಬೆಡ್ ನಂಬರಿನಲ್ಲೇ ಮಾತಾಡುವ ನಮಗೆ ಆ ಹೆಸರು ಬೇಕು.

ಇದಕ್ಕಿಂತ ಜಾಸ್ತಿ ಉಪಯೋಗವಾಗಿದ್ದು ಸಿಪಿಆರ್ ಶೀಟ್ ಕೂತು ಓದುವುದು. ಹೃದಯ ನಿಂತವರ ಎದೆ ಒತ್ತಿ ಉಳಿಸಲು ನೋಡುವುದು ಸಿಪಿಆರ್. ಆಗ ಅಡ್ರಿನಲಿನ್‌ನಂಥ ಔಷಧಿ ಯಾವ ಹೊತ್ತಿಗೆ ಕೊಟ್ಟೆವು ಎಂದು ಬರೆಯುವ ಹಾಳೆ ಅದು. ಹೊಸದಾಗಿ ಬಂದ ಹುಡುಗಿಯೊಬ್ಬಳು, ಚಿಕ್ಕ ವಯಸ್ಸಿನ ರೋಗಿ ತೀರಿಕೊಂಡ ದಿನ, ಸಿರಿಂಜ್ ಟ್ರೇ ಒರೆಸಿದ್ದನ್ನೇ ಒರೆಸುತ್ತಿದ್ದಳು. "ಅಕ್ಕಾ, ನಾನು ಅಡ್ರಿನಲಿನ್ ಕೊಡೋದು ತಡ ಮಾಡಿದ್ನಾ?" ಎಂದು ಕೇಳಿದಳು. ತಡ ಮಾಡಿಲ್ಲ, ಹೋಗು ಮಲಗು ಎಂದಿದ್ದರೆ ನಂಬುತ್ತಿರಲಿಲ್ಲ. ಡ್ಯೂಟಿ ರೂಮಿನಲ್ಲಿ ಕೂರಿಸಿ, ಶೀಟ್ ಮುಂದಿಟ್ಟು, ಹೊತ್ತನ್ನು ಅವಳ ಕೈಯಲ್ಲೇ ಓದಿಸಿದೆ. ಅಡ್ರಿನಲಿನ್ 3ರಿಂದ 5 ನಿಮಿಷಕ್ಕೊಮ್ಮೆ ಹೋಗಬೇಕು, ಹೋಗಿತ್ತು. ಪ್ರತಿ ಸಲವೂ ಅವಳದೇ ಅಕ್ಷರ, ಅವಳದೇ ಸಹಿ. ಆಮೇಲೆ ಅತ್ತಳು. ಅತ್ತು ಮುಗಿದ ಮೇಲೆ ಊಟ ಮಾಡಿದಳು.

ಅಂದಿನಿಂದ ಪ್ರತಿ ಸಿಪಿಆರ್ ನಂತರ, ಮುಂದಿನ ಶಿಫ್ಟ್‌ನವರಿಗೆ ಓವರ್ ಕೊಡುವ (ಕೆಲಸ ಒಪ್ಪಿಸುವ) ಮುಂಚೆ ಹತ್ತು ನಿಮಿಷ ಕೂರುತ್ತೇವೆ. ಏನಾಯಿತು, ಯಾವುದು ಚೆನ್ನಾಗಿ ನಡೆಯಿತು, ಯಾವುದು ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. ಯಾರ ತಪ್ಪು ಎಂಬ ಮಾತು ಅಲ್ಲಿ ಬರಕೂಡದು. ಚಿಕಿತ್ಸೆಯಲ್ಲಿ ಲೋಪವಿದ್ದರೆ ನೋಡುವ ಸಭೆ ಬೇರೆ ಇದೆ. ಮಾತಾಡಲು ಇಷ್ಟವಿಲ್ಲದವರನ್ನು ಒತ್ತಾಯಿಸುವುದಿಲ್ಲ, ಟೀ ಕುಡಿದುಕೊಂಡು ಕೂತರೂ ಸಾಕು.

ರೋಸ್ಟರ್ ಕೂಡ ಬದಲಾಯಿಸಿದೆವು. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಈ ಕ್ರಮದಲ್ಲೇ ಶಿಫ್ಟ್ ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ನಿದ್ದೆಯನ್ನು ಹಿಂದಕ್ಕೆ ಎಳೆಯುವುದಕ್ಕಿಂತ ಮುಂದಕ್ಕೆ ತಳ್ಳುವುದು ಹೆಚ್ಚಿನವರಿಗೆ ಸಲೀಸು. ನೈಟ್ ಡ್ಯೂಟಿಯಲ್ಲಿ ಕಾಫಿ ಮೊದಲರ್ಧಕ್ಕೇ ಮುಗಿಯಬೇಕು, ಬೆಳಗಿನ ಜಾವ ಕುಡಿದದ್ದು ಮನೆಗೆ ಹೋದ ಮೇಲೂ ಕಣ್ಣು ಮುಚ್ಚಲು ಬಿಡುವುದಿಲ್ಲ. ನೈಟ್ ಮುಗಿಸಿದವರನ್ನು ಮೀಟಿಂಗ್‌ಗೆ ಕರೆಯುವುದನ್ನು ನಿಲ್ಲಿಸಲು ನಾನು ಆಡಳಿತದವರ ಹತ್ತಿರ ಬಹಳ ವಾದ ಮಾಡಬೇಕಾಯಿತು. ಅದು ಸಾರ್ಥಕವಾದ ವಾದ.

ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ವೆಂಟಿಲೇಟರ್ ಮೇಲಿರುವ ಮೂವರನ್ನು ಒಬ್ಬಳೇ ನರ್ಸ್ ನೋಡಬೇಕಾದ ಕಡೆ ಈ ಯಾವ ಏರ್ಪಾಡೂ ನಿಲ್ಲುವುದಿಲ್ಲ. ಅಲ್ಲಿ ಬೇಕಾಗಿರುವುದು ಯೋಗ ಶಿಬಿರವಲ್ಲ, ಇನ್ನಿಬ್ಬರು ನರ್ಸ್. ಇನ್‌ಚಾರ್ಜ್ ಆದವರು ಇದನ್ನು ಬರವಣಿಗೆಯಲ್ಲೇ ಕೇಳಬೇಕು, ಕೊಡುವ ತನಕ ಕೇಳುತ್ತಿರಬೇಕು.

ನಮ್ಮ ಕೈ ಮೀರಿದ್ದೂ ಇರುತ್ತದೆ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಡ್ಯೂಟಿಗೆ ಹೊರಡುವಾಗಲೆಲ್ಲ ಅಳು ಬಂದರೆ, ಬದುಕೇ ಬೇಡ ಅನ್ನಿಸಿದರೆ ಸಹೋದ್ಯೋಗಿಗಳ ಸಮಾಧಾನ ಸಾಲದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಡ್ಯೂಟಿ ರೂಮಿನ ಬೀರುವಿನ ಒಳಬಾಗಿಲಿಗೆ ಈ ನಂಬರ್ ಅಂಟಿಸಿದ್ದೇವೆ. ಬ್ಯಾಗ್ ತೆಗೆಯುವಾಗ ಯಾರಿಗೂ ಕಾಣದಂತೆ ಬರೆದುಕೊಳ್ಳಬಹುದು.