ತಕಯಾಸು ರೋಗದಲ್ಲಿ ಶ್ವಾಸಕೋಶದ ಅಪಧಮನಿ: ಎಕೋದಲ್ಲಿ ಏನನ್ನು ನೋಡಬೇಕು, ಎಷ್ಟು ನಂಬಬೇಕು

ತಕಯಾಸು, ಅಂದರೆ ದೊಡ್ಡ ಅಪಧಮನಿಗಳ ಉರಿಯೂತವಿರುವ ರೋಗಿ, ಸಾಮಾನ್ಯವಾಗಿ ನಲವತ್ತರೊಳಗಿನ ಹೆಣ್ಣುಮಗಳು, ಎಕೋಗೆ (ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಗೆ) ಬಂದಾಗ ನಮ್ಮ ಗಮನವೆಲ್ಲ ಹೃದಯದಿಂದ ದೇಹಕ್ಕೆ ರಕ್ತ ಒಯ್ಯುವ ಮಹಾಪಧಮನಿಯ ಮೇಲಿರುತ್ತದೆ. ಅದೇ ಉರಿಯೂತ ಶ್ವಾಸಕೋಶದ (ಪಲ್ಮನರಿ) ಅಪಧಮನಿಯ ಗೋಡೆಯನ್ನೂ ದಪ್ಪಗಾಗಿಸಿ ಒಳದಾರಿಯನ್ನು ಕಿರಿದಾಗಿಸಬಲ್ಲದು. ಆದ್ದರಿಂದ ಏದುಸಿರು, ಕಫದಲ್ಲಿ ರಕ್ತ ಮುಂತಾದ ತೊಂದರೆಗಳಿದ್ದರೆ, ಕ್ಷಯವೆಂದೋ ರಕ್ತ ಹೆಪ್ಪುಗಟ್ಟಿದೆಯೆಂದೋ ತೀರ್ಮಾನಿಸುವ ಮುನ್ನ ಹೃದಯದ ಬಲಭಾಗವನ್ನು ನಿಧಾನವಾಗಿ ಪರೀಕ್ಷಿಸಬೇಕು.

ಎದೆಯ ಮೇಲಿಡುವ ಎಕೋ ಸಾಧನವಾದ ಪ್ರೋಬ್ ಹಿಡಿಯುವ ಮೊದಲು ಬಿಪಿಯನ್ನು ಎರಡೂ ತೋಳುಗಳಲ್ಲಿ ಮತ್ತು ಕಾಲಿನಲ್ಲಿ ಅಳೆಯಿರಿ. ತೋಳಿನ ಅಪಧಮನಿ ಕಿರಿದಾಗಿದ್ದರೆ ಅಲ್ಲಿ 90 ಎಂದು ಬಂದರೂ ಎಡ ಹೃತ್ಕುಕ್ಷಿ (ಹೃದಯದ ಎಡ ಕೆಳಕೋಣೆ) 180ರ ಒತ್ತಡದಲ್ಲಿ ದುಡಿಯುತ್ತಿರಬಹುದು. ಎಡಭಾಗದ ಆ ಹೊರೆಯಿಂದಲೂ ಶ್ವಾಸಕೋಶದ ಒತ್ತಡ ಏರುತ್ತದೆ.

ಮೊದಲು ಹೃದಯದ ಬಲಭಾಗದ ಎರಡು ಕೋಣೆಗಳ ನಡುವಿನ ಟ್ರೈಕಸ್ಪಿಡ್ ಕವಾಟದ ಸೋರಿಕೆಯ ಗರಿಷ್ಠ ವೇಗವನ್ನು ಹಲವು ಕೋನಗಳಿಂದ ಅಳೆದು, ಅತಿ ಹೆಚ್ಚಿನದನ್ನು ತೆಗೆದುಕೊಳ್ಳಿ. ಸೆಕೆಂಡಿಗೆ 2.8 ಮೀಟರ್ ದಾಟಿದರೆ ಅನುಮಾನಿಸಬೇಕು, 3.4 ದಾಟಿದರೆ ಶ್ವಾಸಕೋಶದ ಅಪಧಮನಿಯ ಒತ್ತಡ ಹೆಚ್ಚಿರುವ ಸಾಧ್ಯತೆ ಬಲವಾಗಿರುತ್ತದೆ. ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಿದಾಗ, ಆ ಎರಡು ಕೋಣೆಗಳ ಒತ್ತಡದ ಅಂತರ ಸಿಗುತ್ತದೆ: 3.6ಕ್ಕೆ ಸುಮಾರು 52 ಮಿ.ಮೀ. ಪಾದರಸ ಬರುತ್ತದೆ, ಕೆಳ ಮಹಾಸಿರೆಯ ಅಗಲ ಮತ್ತು ಉಸಿರೆಳೆದಾಗ ಅದು ಕುಗ್ಗುವ ಪ್ರಮಾಣ ನೋಡಿ ಅಂದಾಜಿಸಿದ ಬಲ ಹೃತ್ಕರ್ಣದ (ಮೇಲಿನ ಕೋಣೆಯ) ಒತ್ತಡ 8 ಎಂದಿಟ್ಟುಕೊಂಡರೆ ಮೊತ್ತ 60, ಇದು ಬಲ ಹೃತ್ಕುಕ್ಷಿಯ ಒತ್ತಡ; ದಾರಿಯಲ್ಲಿ ಅಡ್ಡಿಯಿಲ್ಲದಿದ್ದರೆ ಶ್ವಾಸಕೋಶದ ಅಪಧಮನಿಯದೂ ಅಷ್ಟೇ. ಸೋರಿಕೆ ಕಾಣಲಿಲ್ಲವೆಂದ ಮಾತ್ರಕ್ಕೆ ಒತ್ತಡ ಸಹಜವೆಂದಲ್ಲ. ಆಗ ಬಲ ಹೃತ್ಕುಕ್ಷಿ ಎಡದ್ದಕ್ಕಿಂತ ಹಿಗ್ಗಿದೆಯೇ, ನಡುಗೋಡೆ ಚಪ್ಪಟೆಯಾಗಿದೆಯೇ, ಪಲ್ಮನರಿ ಡಾಪ್ಲರ್ (ರಕ್ತದ ಹರಿವಿನ ವೇಗ ತೋರಿಸುವ) ಅಲೆ ತುದಿಮುಟ್ಟುವ ಸಮಯ 105 ಮಿಲಿಸೆಕೆಂಡಿಗಿಂತ ಕಡಿಮೆಯಿದೆಯೇ ಎಂಬುದನ್ನು ಗಮನಿಸಿ.

ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನ ಮಟ್ಟಿಗೆ ಮುಖ್ಯ ಕೆಲಸ ಇನ್ನು ಮುಂದಿದೆ. ಇಲ್ಲಿಯವರೆಗೆ ಅಳೆದದ್ದೆಲ್ಲ ರೋಗದ ಪರಿಣಾಮವನ್ನು, ರಕ್ತನಾಳವನ್ನಲ್ಲ. ಎದೆಮೂಳೆಯ ಎಡ ಅಂಚಿನಲ್ಲಿ, ಮಹಾಪಧಮನಿ ಕವಾಟ ದುಂಡಗೆ ಕಾಣುವ ಅಡ್ಡಛೇದದಿಂದ ಪ್ರೋಬನ್ನು ತುಸು ಮೇಲಕ್ಕೆ ಓರೆ ಮಾಡಿದರೆ ಪಲ್ಮನರಿ ಕಾಂಡವೂ ಅದು ಎರಡಾಗಿ ಕವಲೊಡೆಯುವ ಜಾಗವೂ ತೆರೆದುಕೊಳ್ಳುತ್ತವೆ. ಗೋಡೆಯ ದಪ್ಪ, ಒಳದಾರಿಯ ಅಗಲ ನೋಡಿ, ನಂತರ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಹಾಕಿ. ಒಂದು ಕವಲಿನಲ್ಲಿ ಮಾತ್ರ ಬಣ್ಣಗಳು ಕಲಸಿಕೊಂಡು ವೇಗ ಏರಿದ್ದರೆ ಅಲ್ಲಿ ಕಿರಿದಾಗಿರುವ ಶಂಕೆ ಬಲವಾಗುತ್ತದೆ. ಬಲ ಕವಲನ್ನು ಕತ್ತಿನ ಕುಳಿಯಿಂದ, ಮಹಾಪಧಮನಿಯ ಕಮಾನಿನ ಕೆಳಗೆ, ಮತ್ತೊಮ್ಮೆ ಹುಡುಕಿ. ಅಡ್ಡಿ ಕಾಂಡದಲ್ಲೇ ಇದ್ದರೆ ಮೇಲಿನ 60 ಎಂಬುದು ಬಲ ಹೃತ್ಕುಕ್ಷಿಯ ಒತ್ತಡವೇ ಹೊರತು ಅಡ್ಡಿಯ ಆಚೆಗಿನದಲ್ಲ ಎಂಬುದನ್ನು ಮರೆಯಬಾರದು.

ಶ್ವಾಸಕೋಶದ ಒಳಗೆ ಹೋದ ಕವಲುಗಳನ್ನು ಎಕೋ ತೋರಿಸಲಾರದು, ಏಕೆಂದರೆ ಗಾಳಿ ತುಂಬಿದ ಅಂಗಾಂಶದ ಮೂಲಕ ಶಬ್ದತರಂಗ ಸಾಗದು. ಹೀಗಾಗಿ ಎಕೋ ಸಹಜವಿದ್ದರೂ ಅನುಮಾನ ಉಳಿದರೆ ರಕ್ತನಾಳಗಳ ಚಿತ್ರ ತೆಗೆಯುವ ಸಿಟಿ ಅಥವಾ ಎಂಆರ್ ಆಂಜಿಯೋಗ್ರಾಮ್ ಬೇಕು. ಒತ್ತಡವನ್ನು ಖಚಿತಪಡಿಸಲು ಬಲ ಹೃದಯದೊಳಗೆ ತೆಳು ಕೊಳವೆ ತೂರಿಸಿ ಅಳೆಯುವ ಕ್ಯಾತಿಟರ್ ಪರೀಕ್ಷೆಯೇ ಆಗಬೇಕು. ವರದಿಯಲ್ಲಿ "ಪಲ್ಮನರಿ ಅಪಧಮನಿ ಸಹಜ" ಎಂದು ಒಂದೇ ಸಾಲಿನಲ್ಲಿ ಮುಗಿಸದೆ, ಯಾವ ಕವಲು ಎಲ್ಲಿಯವರೆಗೆ ಕಂಡಿತು, ಯಾವುದು ಕಾಣಲೇ ಇಲ್ಲ ಎಂಬುದನ್ನು ಬರೆಯಿರಿ.