ಹಠಾತ್ ಬ್ರೇಕಿನ ಲೆಕ್ಕ: ನನ್ನ ಅನುಭವ

ಸರಕು ಸಾಗಿಸುವ ಹದಿನೆಂಟು ವ್ಯಾನುಗಳ ಉಸ್ತುವಾರಿ ನನ್ನದು. ಓಡಿಸುವವರಲ್ಲಿ ಹೆಚ್ಚಿನವರು 25 ದಾಟದ ಹುಡುಗರು. "ಈ ವಯಸ್ಸಿನವರನ್ನು ತಿದ್ದಲಾಗದು, ಒಮ್ಮೆ ಗುದ್ದಿದರೆ ತಾವೇ ಕಲಿಯುತ್ತಾರೆ" ಎಂದು ನಕ್ಕಿದ್ದ ಸಹೋದ್ಯೋಗಿಗಳೇ ಈಗ ನನ್ನ ಲೆಕ್ಕದ ಹಾಳೆಯನ್ನು ಕೇಳಿ ಪಡೆಯುತ್ತಿದ್ದಾರೆ.

ಮೊದಲ ವರ್ಷವೆಲ್ಲ ಸೋಲು. ಅಪಘಾತದ ವಿಡಿಯೊ ತೋರಿಸಿದೆ. ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಹಳೆಯ ವೇಗಕ್ಕೆ ಮರಳಿದರು. ಸಂಬಳದಲ್ಲಿ ದಂಡ ಮುರಿದುಕೊಂಡೆ. ಗೀರುಗಳನ್ನು ಮುಚ್ಚಿಡುವುದನ್ನು ಕಲಿತರು. ಎಲ್ಲಕ್ಕಿಂತ ದುಬಾರಿಯಾದದ್ದು, ಒದ್ದೆ ನೆಲದ ಮೇಲೆ ಜಾರುವ ಗಾಡಿಯನ್ನು ಹತೋಟಿಗೆ ತರುವ ತರಬೇತಿ. ತಲಾ ಖರ್ಚು ಸುಮಾರು ಹತ್ತು ದಿನಗಳ ಸಂಬಳದಷ್ಟಾಯಿತು. ಫಲವೆಂದರೆ ಮಳೆಯಲ್ಲೂ ಹೇಗೋ ನಿಭಾಯಿಸಬಲ್ಲೆವೆಂಬ ಹುಂಬ ಧೈರ್ಯವೊಂದೇ, ಮುಂದಿನ ಮೂರು ತಿಂಗಳಲ್ಲಿ ಎರಡು ಬಂಪರುಗಳು ಹೋದವು. ನಾರ್ವೆಯಲ್ಲಿ ಹೊಸ ಚಾಲಕರಿಗೆ ಇಂಥದೇ ತರಬೇತಿಯನ್ನು ಕಡ್ಡಾಯಗೊಳಿಸಿದಾಗಲೂ ಯುವಕರ ಅಪಘಾತಗಳು ಹೆಚ್ಚಿದ್ದವೆಂದು ನನಗೆ ತಿಳಿದದ್ದು ಹಣ ಕೈಬಿಟ್ಟ ಮೇಲೆ.

ಆಮೇಲೆ ವೇಗದ ಮಾತನ್ನೇ ಬಿಟ್ಟು, ಗಾಡಿಯಲ್ಲಿ ಮೊದಲೇ ಇದ್ದ ಜಿಪಿಎಸ್ ಸಾಧನ ದಾಖಲಿಸುತ್ತಿದ್ದ ಹಠಾತ್ ಬ್ರೇಕುಗಳನ್ನು ಮಾತ್ರ ಎಣಿಸತೊಡಗಿದೆ. ಮುಂದಿನ ಗಾಡಿಗೆ ಅಂಟಿಕೊಂಡು ಹೋಗುವವನು, ನುಗ್ಗಿ ಓವರ್‌ಟೇಕ್ ಮಾಡುವವನು, ಫೋನು ನೋಡುವವನು, ಮೂವರೂ ಆ ಒಂದು ಅಂಕಿಯಲ್ಲೇ ಸಿಕ್ಕಿಬೀಳುತ್ತಾರೆ. ವಾರಕ್ಕೊಮ್ಮೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಬೈಯದೆ, "ಇಲ್ಲಿ ಏನಾಯಿತು?" ಎಂದಷ್ಟೇ ಕೇಳುತ್ತಿದ್ದೆ. ದಂಡವನ್ನು ತೆಗೆದು ತಂಡಕ್ಕೆ ಬೋನಸ್ ಇಟ್ಟೆ. ಅದನ್ನು ಹಂಚುವ ಸೂತ್ರವನ್ನು ಇಲ್ಲಿ ಬರೆಯುವುದಿಲ್ಲ, ಅದನ್ನು ಕಂಡುಕೊಳ್ಳಲು ನಾನು ಸಾಕಷ್ಟು ಕಳೆದುಕೊಂಡಿದ್ದೇನೆ.

ನಡುವೆ ಒಂದು ಪಂದ್ಯವನ್ನೂ ಕಟ್ಟಿದೆ. ಅತಿ ಅವಸರದವನನ್ನೂ ಅತಿ ನಿಧಾನಿಯನ್ನೂ ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ಬಿಟ್ಟಾಗ ಸುಮಾರು 20 ಕಿಲೋಮೀಟರಿನಲ್ಲಿ ಅವಸರದವನು ಉಳಿಸಿದ್ದು ಮೂರೂವರೆ ನಿಮಿಷ. ರಸ್ತೆ ಪೂರ್ತಿ ಖಾಲಿಯಿದ್ದರೂ 60ರ ಬದಲು 80ರಲ್ಲಿ ಹೋದವನಿಗೆ ಅಷ್ಟು ದೂರಕ್ಕೆ ಉಳಿಯುವುದು ಐದೇ ನಿಮಿಷ. ಗುದ್ದಿದರೆ ಬೀಳುವ ಪೆಟ್ಟಿನ ಶಕ್ತಿ ಮಾತ್ರ ಮುಕ್ಕಾಲು ಪಾಲಿಗೂ ಮಿಕ್ಕಿ ಏರಿರುತ್ತದೆ. ನನ್ನ ಯಾವ ಉಪದೇಶಕ್ಕೂ ಬಗ್ಗದ ಆ ಹುಡುಗ ಗಡಿಯಾರ ನೋಡಿ ಪೆಚ್ಚಾದ.

ನೂರು ಕಿಲೋಮೀಟರಿಗೆ 14ರಷ್ಟಿದ್ದ ಹಠಾತ್ ಬ್ರೇಕುಗಳು ಎಂಟು ತಿಂಗಳಲ್ಲಿ ಐದರ ಆಸುಪಾಸಿಗೆ ಇಳಿದವು. ರಿಪೇರಿ ಖರ್ಚು ಅರ್ಧಕ್ಕೂ ಕಡಿಮೆಯಾಯಿತು, ಡೀಸೆಲಿನಲ್ಲಿ ಹತ್ತನೆಯ ಒಂದು ಪಾಲು ಉಳಿಯಿತು. ಬೋನಸ್ಸಿನ ಹಣ ಅಲ್ಲಿಂದಲೇ ಹುಟ್ಟಿತು. ಇನ್ನೂ ಬಗೆಹರಿಯದ ಸಮಸ್ಯೆ ಒಂದಿದೆ: ಒಂಟಿಯಾಗಿ ಹೋದಾಗ ಅಚ್ಚುಕಟ್ಟಾಗಿ ಓಡಿಸುವ ಇಬ್ಬರ ಅಂಕಿ, ಪಕ್ಕದಲ್ಲಿ ಅವರದೇ ವಯಸ್ಸಿನ ಗೆಳೆಯ ಕುಳಿತ ದಿನ ಇಮ್ಮಡಿಯಾಗುತ್ತದೆ. ಈಗ ಲೋಡಿಂಗಿಗೆ ಯಾರು ಯಾರ ಜೊತೆ ಹೋಗಬೇಕೆಂಬ ಪಟ್ಟಿಯನ್ನು ನಾನೇ ಬರೆಯುತ್ತಿದ್ದೇನೆ.